ಅಟ್ಟದ ಮೇಲೆ ರೊಜಾರಿಯೊ

ಅವನ ಹೆಸರು ರೊಜಾರಿಯೊ ಎಂದು ತಿಳಿಯಲು ನನಗೆ ಆರು ವರ್ಷ ಬೇಕಾಯಿತು. ನನ್ನ ಫೋನಿನಲ್ಲಿ ಅವನು ಬರೀ 'ಕರೆಂಟಿನವ'. ಕೋಗಿಲಬನದ ಸುತ್ತ ಹೋಮ್‌ಸ್ಟೇ ನಡೆಸುವ ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಹಳಿಯಾಳ ಕಡೆಯ ಸಿದ್ದಿ, ಕೆಲಸ ಚೊಕ್ಕ, ಮಾತು ಕಮ್ಮಿ. ಇಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡಿದ್ದೆ.

ಮೊದಲ ಸಲ ಬಂದಾಗ ಹೆಂಡತಿ ಸ್ಟೆಲ್ಲಾ ಜೊತೆಗಿದ್ದಳು. ನನ್ನ ಕೋಣೆಗಳಿಗೆ ತಗಡಿನ ಮಾಡು, ಬೇಸಿಗೆಯಲ್ಲಿ ಒಳಗಿದ್ದವರು ಬೆಂದೇ ಹೋಗುತ್ತಾರೆ. ಅದಕ್ಕೇ ಪ್ಲೈವುಡ್ಡಿನ ಅಟ್ಟ ಮಾಡಿಸಿ, ಅದರ ಮೇಲೆ ಗ್ಲಾಸ್‌ವೂಲ್ ಅನ್ನುವ ಹಳದಿ ಹತ್ತಿಯ ದಪ್ಪ ಹಾಸು ಹಾಸಿಸಿದ್ದೆ. ವೈರನ್ನು ಆ ಹತ್ತಿಯ ಅಡಿಗೆ ತುರುಕಿ ಬೇಗ ಮುಗಿಸು ಎಂದೆ. ಅವನು ಕೇಳಲಿಲ್ಲ.

"ವೈರಿಗೆ ಮೈ ಬಿಸಿ ಆಗ್ತೈತ್ರಿ ಅಕ್ಕಾರ. ಕಂಬಳಿ ಹೊಚ್ಚಿದ್ರ ಆ ಬಿಸಿ ಎಲ್ಲಿಗೆ ಹೋಗಬೇಕು? ಒಳಗಿಂದೊಳಗ ಸುಟ್ಟು ಒಂದಿನ ಮನೀನ ಸುಡತೈತಿ."

ಹತ್ತಿಗೆ ತಾಗದಂತೆ ಮೇಲಿನ ತೊಲೆಗೆ ಪೈಪು ಬಿಗಿದು, ಅದರೊಳಗೆ ವೈರು ಎಳೆದ. ಗೆರೆ ಹಾಕಿದಷ್ಟು ನೇರ. ಯಾರೂ ನೋಡದ ಜಾಗಕ್ಕೆ ಇಷ್ಟೊಂದು ಚಂದ ಯಾಕೆ ಎಂದು ನನಗೆ ಸಿಟ್ಟೇ ಬಂದಿತ್ತು.

ಸ್ಟೆಲ್ಲಾ ಕೆಳಗೆ ಮೇನ್ ಬೋರ್ಡಿನ ಹತ್ತಿರ ಬಿದಿರು ಕೋಲು ಹಿಡಿದು ನಿಲ್ಲುತ್ತಿದ್ದಳು. ಮೇಲಿಂದ ಅವನು ಹಿಮ್ಮಡಿಯಿಂದ ಒಮ್ಮೆ ಗುದ್ದಿದರೆ ಇವಳು ಮೇನ್ ಬಂದ್ ಮಾಡಿ, ಅಟ್ಟಕ್ಕೆ ಕೋಲಿನಿಂದ ಮೂರು ಸಲ ಬಡಿಯುವಳು. ಮೂರು ಬಡಿತ ಕೇಳಿದ ಮೇಲೆಯೇ ಅವನು ತಂತಿ ಮುಟ್ಟುವುದು. ನನ್ನ ಬಾಯಿ ಸುಮ್ಮನಿರುವುದಲ್ಲ. "ಅಲ್ಲವ್ವಾ, ಒಂದು ಕೂಗು ಹಾಕಿದ್ರ ಆಗೂದಿಲ್ಲೇನ?" ಎಂದೆ. ಅವಳು ನಾಲಗೆ ಕಚ್ಚಿಕೊಂಡಳು.

"ಗಂಡನ ಹೆಸರು ಹೆಂಗ ಹಿಡದು ಕರೀಲ್ರಿ?"

ಇಗರ್ಜಿಗೆ ಹೋಗುವ ಕ್ರೈಸ್ತರಾದರೂ ಈ ವಿಷಯದಲ್ಲಿ ಅವಳು ನನ್ನ ಅಜ್ಜಿಯೇ. ನಾನು ನಕ್ಕೆ.

ಎರಡು ವರ್ಷದ ಹಿಂದೆ ಸ್ಟೆಲ್ಲಾ ಕಾಮಾಲೆಯಿಂದ ತೀರಿಕೊಂಡಳು. ಮಕ್ಕಳಿರಲಿಲ್ಲ. ಅಂದಿನಿಂದ ಅವನು ಒಬ್ಬನೇ ಬರುತ್ತಿದ್ದ, ಒಬ್ಬನೇ ಏಣಿ ಹತ್ತುತ್ತಿದ್ದ. ಮೇನ್ ಬಂದ್ ಮಾಡಲು, ಮತ್ತೆ ಹಾಕಲು ತಾನೇ ಏಣಿ ಇಳಿದು ಬರುತ್ತಿದ್ದ. ಊಟಕ್ಕೆ ಕರೆದರೂ ಬುತ್ತಿ ಬಿಚ್ಚಿಕೊಂಡು ಆ ಕತ್ತಲ ಅಟ್ಟದಲ್ಲೇ ಕೂರುತ್ತಿದ್ದ.

ಈ ಸಲ ಮಳೆ ಮುಗಿದ ಮೇಲೆ ಮೂರನೇ ಕೋಣೆಯ ಕೆಲಸಕ್ಕೆ ಬಂದ. ತೊಲೆಗೆ ತೂತು ಕೊರೆಯಬೇಕಿತ್ತು, ಹಾಗಾಗಿ ಮೇನ್ ಚಾಲೂ ಇತ್ತು. ಕೊರೆಯುವ ಸದ್ದು ನಿಂತು ಬಹಳ ಹೊತ್ತಾಗಿತ್ತು. ಅವನು ಹೊರಗೆ ಹೋಗಿರಬೇಕು ಎಂದುಕೊಂಡೆ. ಆಗ ಅಟ್ಟದ ಮೇಲೆ ಧಡ್ ಎಂದಿತು. ನಮ್ಮಲ್ಲಿ ಮಂಗಗಳ ಕಾಟ ಕೇಳಬೇಡಿ. ತಗಡು ಸರಿಸಿ ಒಳಗೇ ಇಳಿಯುತ್ತವೆ. ಕಸಬರಿಗೆಯ ಕೋಲು ತೆಗೆದುಕೊಂಡು ಅಟ್ಟಕ್ಕೆ ಬಡಿದೆ. ಒಂದು, ಎರಡು, ಮೂರು.

ಮೇಲೆ ಒಂದು ಚೀತ್ಕಾರ, ಏನೋ ದೊಪ್ಪೆಂದು ಬಿದ್ದ ಸದ್ದು. ಅದು ಮಂಗದ ದನಿಯಲ್ಲ. ಓಡಿ ಹೋಗಿ ಮೇನ್ ಬಂದ್ ಮಾಡಿ, ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದೆ. ಹಳದಿ ಹತ್ತಿಯ ಮೇಲೆ ಅಂಗಾತ ಬಿದ್ದಿದ್ದ. ಎರಡು ಬೆರಳು ಸುಟ್ಟಿದ್ದವು. ಉಸಿರಿತ್ತು, ದೇವರು ದೊಡ್ಡವನು. ಕಿಸೆಯಲ್ಲಿ ಟೆಸ್ಟರ್ ಹಾಗೇ ಇತ್ತು.

"ಟೆಸ್ಟರ್ ಹಚ್ಚಿ ನೋಡಬಾರದಿತ್ತೇನೋ ಹುಚ್ಚಪ್ಪಾ!" ಎಂದು ಅಳುತ್ತಲೇ ಬೈದೆ.

"ಹಿಮ್ಮಡಿ ತಾನ ಗುದ್ದೇ ಬಿಡ್ತ್ರಿ, ರೂಢಿ. ಮೂರು ಬಡತ ಕೇಳ್ತು," ಎಂದ ನಿಧಾನಕ್ಕೆ. "ಆಕಿ ಇಲ್ಲಂತ ತಲಿಗೆ ಗೊತ್ತೈತ್ರಿ. ಕೈಗೆ ಗೊತ್ತಾಗಲಿಲ್ಲ."

ಅವನ ಸುಟ್ಟ ಬೆರಳಿಗಿಂತ ಆ ಮಾತೇ ನನ್ನನ್ನು ಹೆಚ್ಚು ಉರಿಸಿತು. ಎರಡು ವರ್ಷದಿಂದ ಅವನು ಅಟ್ಟದಲ್ಲಿ ಒಬ್ಬನೇ ಕೂತು ಏನು ಕಾಯುತ್ತಿದ್ದ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಎಂಟು ದಿನ ಬಿಟ್ಟು ಬಂದ. ಇನ್ನು ಬರಲಾರ ಎಂದೇ ನಾನು ಹೆದರಿದ್ದೆ. ಒಂದು ಕೈಯಲ್ಲಿ ಟೆಸ್ಟರ್, ಇನ್ನೊಂದರಲ್ಲಿ ಬಂದ್ ಮಾಡಿದ ಮೇನನ್ನು ಯಾರೂ ಹಾಕದಂತೆ ಬೋರ್ಡಿಗೆ ಜಡಿಯಲು ಸಣ್ಣದೊಂದು ಬೀಗ. ಇನ್ನು ಮೇಲೆ ಇವನನ್ನು ಒಬ್ಬನೇ ಬಿಡಬಾರದೆಂದು ನಾನು ಆಗಲೇ ಕೋಲು ಹಿಡಿದು ನಿಂತಿದ್ದೆ. ಅವನು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದು ಗೋಡೆಗೆ ಒರಗಿಸಿದ.

"ಇದು ಬ್ಯಾಡ್ರಿ ಅಕ್ಕಾರ. ಬಡಿಯೂದು ಆಕೀದು. ನೀವು ಹೆಸರು ಹಿಡದು ಕರೀರಿ."

ಬಾಯಿ ತೆರೆದೆ. ಕರೆಯಲು ಬಾಯಲ್ಲಿ ಏನೂ ಇರಲಿಲ್ಲ. ಆರು ವರ್ಷ ನನ್ನ ಮನೆಗೆ ಬೆಳಕು ತಂದವನ ಹೆಸರನ್ನು, ತಲೆ ತಗ್ಗಿಸಿಕೊಂಡು, ಅವನನ್ನೇ ಕೇಳಿದೆ. ಬೇಜಾರಿಲ್ಲದೆ ಹೇಳಿ ಏಣಿ ಹತ್ತಿದ.

ಸ್ವಲ್ಪ ಹೊತ್ತಿಗೆ ಹಿಮ್ಮಡಿ ಒಮ್ಮೆ ಗುದ್ದಿತು. ಮೇನ್ ಬಂದ್ ಮಾಡಿದೆ, ಬೀಗ ಹಾಕಿದೆ, ಎಳೆದು ನೋಡಿದೆ.

"ರೊಜಾರಿಯೊ! ಬಂದ್ ಮಾಡೀನಿ!"

ಮೇಲಿಂದ ಉತ್ತರವಿಲ್ಲ. ಹತ್ತಿ ಸದ್ದು ನುಂಗಿತೇನೋ ಎಂದು ಮತ್ತೂ ಗಟ್ಟಿಯಾಗಿ ಕೂಗಿದೆ. ಆಗಲೂ ಇಲ್ಲ. ಹೆದರಿ ಏಣಿಗೆ ಕಾಲಿಟ್ಟೆ.

"ಮೊದಲನೇ ಸಲಾನ ಕೇಳಿತ್ರಿ ಅಕ್ಕಾರ," ಎಂದ ಮೇಲಿಂದ. ದನಿ ಒದ್ದೆಯಾಗಿತ್ತು. "ಇನ್ನೊಮ್ಮೆ ಕರೀರಿ."