ಸಮುದ್ರ ಕಾಣದವನ ಮೂರು ಕಾದಂಬರಿಗಳು

ನಿನ್ನೆ ಮಧ್ಯಾಹ್ನ ಸೊಸೆ ಅಡಿಗೆಮನೆಯಲ್ಲಿ ಒಂದು ಪೊಟ್ಟಣ ಬಿಚ್ಚಿದಳು. ಪಡಸಾಲೆಯಲ್ಲಿ ಕೂತಿದ್ದ ನಾನು ಆ ವಾಸನೆಗೆ ಎದ್ದು ನಿಂತೆ. ಮುರುಗಲ ಹಣ್ಣಿನ ಒಣ ಸಿಪ್ಪೆ. ಹುಳಿ, ಅದರ ಹಿಂದೆ ತುಸು ಉಪ್ಪು. ಗೋಕರ್ಣಕ್ಕೆ ಹೋದವರು ಯಾರೋ ಪಾನಕಕ್ಕೆಂದು ತಂದುಕೊಟ್ಟಿದ್ದರಂತೆ. ಸಿಂದಗಿಯ ಬಿಸಿಲಿಗೆ ಒಳ್ಳೆಯದೇ. ಆದರೆ ನನಗೆ ನೆನಪಾದದ್ದು ಐವತ್ತು ವರ್ಷದ ಹಿಂದಿನ ನನ್ನ ಒಂದು ತಪ್ಪು, ಮತ್ತು ಆ ತಪ್ಪಿನಿಂದಲೇ ಹುಟ್ಟಿದ ಒಂದು ಗೆಲುವು. ಎರಡನ್ನೂ ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ.

ಎಪ್ಪತ್ತರ ದಶಕದಲ್ಲಿ ನಾನು ಬಸ್ ಕಂಡಕ್ಟರ್. ಇಂಡಿಯಿಂದ ಹೊರಟು ಸಿಂದಗಿ, ಬಸವನ ಬಾಗೇವಾಡಿ ಹಾದು ಮುದ್ದೇಬಿಹಾಳ. ಮರುದಿನ ಅದೇ ದಾರಿಯಲ್ಲಿ ವಾಪಸು. ಓದಿದ್ದು ಮೆಟ್ರಿಕ್. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದೇನೆಂದರೆ, ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ದಾರಕ್ಕೆ ತೂಗುಬಿಟ್ಟಿರುತ್ತಿದ್ದ ಪತ್ತೇದಾರಿ ಕಾದಂಬರಿಗಳಲ್ಲಿ ಮೂರು ನನ್ನವು. ಹೆಸರು ಮಾತ್ರ ಬೇರೆ. ಹುಬ್ಬಳ್ಳಿಯ ಪ್ರಕಾಶಕರು ಇಟ್ಟದ್ದು. ಕಂಡಕ್ಟರನ ಹೆಸರಿಗೆ ಯಾರೂ ಬೆಚ್ಚುವುದಿಲ್ಲ ಎಂಬುದು ಅವರ ಅಭಿಪ್ರಾಯ.

ನನ್ನ ಕಥೆಗಳೆಲ್ಲ ನಡೆಯುತ್ತಿದ್ದದ್ದು ಕರಾವಳಿಯಲ್ಲಿ. ಹಾಳು ಕೋಟೆ, ಹಳೆಯ ಬಂದರು, ಪರಂಗಿಯವರ ಹಡಗು, ಮೆಣಸಿನ ಚೀಲದಲ್ಲಿ ಅಡಗಿಸಿದ ಪೆಟ್ಟಿಗೆ. ಇದಕ್ಕೆಲ್ಲ ನನ್ನಲ್ಲಿದ್ದ ಆಧಾರ ಒಂಬತ್ತನೆಯ ಇಯತ್ತೆಯ ಇತಿಹಾಸದ ಪುಸ್ತಕದ ಎರಡು ಪುಟ, ಒಂದು ನಕಾಶೆ. ನಮ್ಮ ಕಡೆಯ ಕಥೆಯನ್ನೇ ಬರೆಯಬಹುದಿತ್ತಲ್ಲ ಎನ್ನುತ್ತೀರಿ. ಬರೆಯಲು ನೋಡಿದ್ದೆ. ಆದರೆ ನಮ್ಮ ಬಯಲಲ್ಲಿ ಕಳ್ಳ ಓಡಿದರೆ ಒಂದು ಹರದಾರಿಯವರೆಗೆ ಕಾಣುತ್ತಾನೆ. ಜೋಳ ಕೊಯ್ದ ಮೇಲಂತೂ ಅವನಿಗೆ ಮರೆಗೊಂದು ಗಿಡವೂ ಇಲ್ಲ. ಇಂಥಲ್ಲಿ ರಹಸ್ಯ ಎರಡನೆಯ ಅಧ್ಯಾಯದವರೆಗೂ ಬಾಳುವುದಿಲ್ಲ.

ಸಮುದ್ರವನ್ನು ನಾನು ಕಂಡಿರಲಿಲ್ಲ. ಭೀಮೆ ಕಂಡಿದ್ದೆ, ಕೃಷ್ಣೆ ಕಂಡಿದ್ದೆ. ಅವನ್ನೇ ಅಗಲ ಮಾಡಿ ಉಪ್ಪು ಬೆರೆಸಿದೆ.

ದೇವು ಮಾಸ್ತರರು ಯಂಕಂಚಿಯ ಪ್ರಾಥಮಿಕ ಶಾಲೆಯವರು, ಊರು ಕುಮಟೆಯ ಕಡೆ, ಅಂಬಿಗರ ಮನೆತನ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸಿಂದಗಿಯಲ್ಲಿ ನನ್ನ ಬಸ್ ಹತ್ತುವರು. ಬಾಗೇವಾಡಿಯಲ್ಲಿ ಇಳಿದು ಆಲಮಟ್ಟಿಗೆ ಹೋಗಿ ಮೀನು ತಿಂದು, ಭಾನುವಾರ ಚೀಲದಲ್ಲಿ ಒಂದಿಷ್ಟು ಕಟ್ಟಿಕೊಂಡು ಮರಳುವರು. ಬಸ್ಸಿನ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುವರು. "ಮಾಸ್ತರ್ರ, ನಿಮ್ಮ ಚೀಲಕ್ಕ ಬ್ಯಾರೆ ಟಿಕೀಟ ಹರೀಬೇಕೇನ್ರಿ?" ಎಂದು ನಾನು ಕೇಳಿದರೆ, ಅವರೂ ನಗುತ್ತಿದ್ದರು.

ಒಂದು ಶನಿವಾರ ಅವರ ಕೈಯಲ್ಲಿ ನನ್ನ ಮೊದಲ ಕಾದಂಬರಿ. ಓದುತ್ತ ಓದುತ್ತ ಒಬ್ಬರೇ ನಗತೊಡಗಿದರು. ಅದು ಕೊಲೆಯ ಪುಟ, ನಗುವಂಥದ್ದೇನೂ ಇರಲಿಲ್ಲ. ಯಾಕೆಂದು ಕೇಳಿದೆ.

"ಇದನ್ನ ಬರ್ದವ ಸಮುದ್ರ ಕಂಡವನಲ್ಲ ಮಾರಾಯ್ರೆ. ಕೊಲೆಗಾರ ನೀರಂಚಿಗೆ ನಡ್ಕಂಡು ಹೋಗ್ತಾನಂತೆ, ಮೂರು ದಿನ ಬಿಟ್ಟು ಪತ್ತೇದಾರ ಬಂದು ಅವನ ಹೆಜ್ಜೆ ಅಳೀತಾನಂತೆ. ದಿನಕ್ಕೆ ಎರಡು ಸಲ ನೀರು ಏರಿ ಇಳೀತದೆ. ಹೆಜ್ಜೆ ಎಲ್ಲಿ ಇರ್ತದೆ?"

ನನ್ನ ಕಿವಿ ಬಿಸಿಯಾಯಿತು. ನೀರು ಏರಿ ಇಳಿಯುತ್ತದೆಂದರೆ ಏನು? ನಮ್ಮಲ್ಲಿ ನೀರು ಒಂದೇ ದಿಕ್ಕಿಗೆ ಹೋಗುತ್ತದೆ, ಹೋದದ್ದು ಬರುವುದಿಲ್ಲ. ನಾನು ಪೆದ್ದನಂತೆ ಮುಖ ಮಾಡಿದೆ. ಮಾಡಲು ಕಷ್ಟವೇನೂ ಆಗಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಅವರ ಪಕ್ಕದ ಸೀಟು ನನ್ನದು. ಅವರು ಉಬ್ಬರ ಇಳಿತ ಹೇಳಿದರು, ನದಿ ಸಮುದ್ರ ಸೇರುವ ಅಳಿವೆಯ ಸುಳಿ ಹೇಳಿದರು, ರಜೆಯಿಂದ ಬರುವಾಗ ಮುರುಗಲ ಸಿಪ್ಪೆ ತಂದುಕೊಟ್ಟರು. ಕೊನೆಗೊಂದು ದಿನ ತಮ್ಮ ಅಪ್ಪನ ಕಥೆ ಹೇಳಿದರು.

ಅಪ್ಪ ಗಣಪು, ತಾರಿ ದಾಟಿಸುವ ದೋಣಿಯವನು. ಒಂದು ಮಳೆಗಾಲದ ಮುಂಜಾನೆ ವ್ಯಾಪಾರಿಯೊಬ್ಬನ ಸರಕು ಹೇರಿಕೊಂಡು ಹೋದವನು ಬರಲಿಲ್ಲ. ಖಾಲಿ ದೋಣಿ ಅಳಿವೆಯಿಂದ ಬಹಳ ಮೇಲೆ, ನದಿಯ ಒಳಗೆ ಸಿಕ್ಕಿತು. ಹುಟ್ಟಿನ ಹಿಡಿಕೆಗೆ, ಅಂಗೈ ಬೊಬ್ಬೆ ಏಳದಂತೆ, ಹೆಂಡತಿಯ ಹಸಿರು ಸೀರೆಯ ಚೂರು ಸುತ್ತಿಕೊಂಡಿದ್ದನಂತೆ. ಅದು ಹಾಗೇ ಇತ್ತು. ಊರವರು ಅವನು ಸರಕಿನೊಂದಿಗೆ ಓಡಿಹೋದ ಎಂದರು. ಅಂದಿನಿಂದ ಅವ್ವ ಬಾವಿಗೆ ಎಲ್ಲ ಹೆಂಗಸರೂ ಹೋಗಿ ಬಂದ ಮೇಲೆ, ಉರಿಬಿಸಿಲಿನಲ್ಲಿ ಒಬ್ಬಳೇ ಹೋಗುತ್ತಾಳೆ.

ಹೇಳಿ ಮಾಸ್ತರರು ಕಿಟಕಿಯ ಕಡೆ ತಿರುಗಿದರು. ನಾನು? ನಾನು ಮನಸ್ಸಿನಲ್ಲಿ ಅಧ್ಯಾಯಗಳನ್ನು ವಿಂಗಡಿಸುತ್ತಿದ್ದೆ.

ಎರಡನೆಯ ಕಾದಂಬರಿಯ ಕಳ್ಳ ಒಬ್ಬ ದೋಣಿಯವನು. ಸರಕು ಹೊತ್ತು ಮುಂಬಯಿಗೆ ಓಡಿ ಬಂಗಾರದ ಹಲ್ಲು ಕಟ್ಟಿಸಿಕೊಳ್ಳುತ್ತಾನೆ. ಅವನನ್ನು ಹಿಡಿಸುವ ಸುಳಿವು ಹುಟ್ಟಿಗೆ ಸುತ್ತಿದ ಹಸಿರು ಚೂರು. ಮೊದಲ ಪುಟದಲ್ಲಿ ಎಂದಿನಂತೆ, 'ಇಲ್ಲಿಯ ಪಾತ್ರಗಳೆಲ್ಲ ಕೇವಲ ಕಾಲ್ಪನಿಕ.' ಆ ಪುಸ್ತಕದ ಅತಿ ದೊಡ್ಡ ಸುಳ್ಳು ಅದೇ ಸಾಲು. ಪುಸ್ತಕ ಬಿಸಿ ಭಜಿಯಂತೆ ಖರ್ಚಾಯಿತು.

ಒಂದು ಭಾನುವಾರ ಸಿಂದಗಿಯಲ್ಲಿ ಎಲ್ಲರೂ ಇಳಿದರು, ಮಾಸ್ತರರು ಇಳಿಯಲಿಲ್ಲ. ತೊಡೆಯ ಮೇಲೆ ಆ ಪುಸ್ತಕ.

"ಹಸಿರು ಚೂರಿನ ಸುದ್ದಿ ನಾ ಈ ಸೀಮೆಯಲ್ಲಿ ಒಬ್ಬರ ಹತ್ರ ಮಾತ್ರ ಹೇಳಿದ್ದು," ಎಂದರು.

ಪತ್ತೇದಾರಿ ಬರೆಯುವವನು ತಾನೇ ಬಿಟ್ಟ ಸುಳಿವಿಗೆ ಸಿಕ್ಕಿಬಿದ್ದಿದ್ದ. ಎರಡು ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ನಾನು ಅವರ ಮುಂದಿನ ಸೀಟಿನಲ್ಲಿ ಕುಸಿದು ಕೂತೆ. "ತಪ್ಪಾತ್ರಿ ಮಾಸ್ತರ್ರ. ಆದ್ರ ದೋಣಿ ನದಿ ಒಳಗ ಹ್ಯಾಂಗ ಬಂತ್ರಿ? ಅಂವ ಮುಳುಗಿದ್ರ ಅದು ಸಮುದ್ರಕ್ಕ ಹೋಗಬೇಕಿತ್ತಲ್ರಿ?" ಎಂದುಬಿಟ್ಟೆ. ಆ ಹೊತ್ತಿನಲ್ಲೂ ಇಂಥ ಪ್ರಶ್ನೆ ಕೇಳಿದವನು ನಾನು.

ಮಾಸ್ತರರು ನನ್ನನ್ನೇ ನೋಡಿದರು. "ಘಟ್ಟದ ಮೇಲಿಂದ ಬಂದ ಪೋಲೀಸ್ ಫೌಜದಾರನೂ ಇದನ್ನೇ ಕೇಳಿದ್ದು. ಸುಳಿಯಲ್ಲಿ ದೋಣಿ ವಾಲಿದ್ರೆ ಆಳೂ ಸರಕೂ ನೀರಿಗೆ. ಆಮೇಲೆ ಉಬ್ಬರದಲ್ಲಿ ನದಿ ನೀರೂ ಹಿಂದಕ್ಕೆ ಹರೀತದೆ, ಖಾಲಿ ದೋಣಿನ ಎಳ್ಕಂಡು ಬರ್ತದೆ. ನಮ್ಮ ಮುದುಕರು ಹೇಳಿದರು, ಅವ ಬರ್ಕಳ್ಳಲಿಲ್ಲ. ಓಡಿಹೋದ ಅಂತ ಬರ್ದ. ಬರ್ದದ್ದನ್ನ ಆಮೇಲೆ ಊರೂ ನಂಬ್ತು."

ಬಯಲುಸೀಮೆಯ ಒಬ್ಬನ ತಿಳಿಗೇಡಿತನ ಆ ಮನುಷ್ಯನನ್ನು ಒಮ್ಮೆ ಕಳ್ಳನನ್ನಾಗಿ ಮಾಡಿತ್ತು. ಇನ್ನೊಬ್ಬನಾದ ನಾನು ಅದನ್ನೇ ಅಚ್ಚು ಹಾಕಿಸಿ ಬಸ್ ಸ್ಟ್ಯಾಂಡುಗಳಲ್ಲಿ ತೂಗುಬಿಟ್ಟಿದ್ದೆ.

"ಈಗ ಏನ್ ಮಾಡ್ಲಿರಿ?" ಎಂದೆ.

"ಬರ್ದು ಕೆಡ್ಸಿದ್ದು, ಬರ್ದೇ ಸರಿ ಮಾಡಿ."

ಮೂರನೆಯ ಕಾದಂಬರಿಯನ್ನು ನಾವಿಬ್ಬರೂ ಕೂಡಿ ಬರೆದೆವು ಎನ್ನಬೇಕು. ಶನಿವಾರ ನಾನು ಓದುವೆ, ಅವರು ತಿದ್ದುವರು. ಪತ್ತೇದಾರ ಅಳಿವೆಯಲ್ಲಿ ಖಾಲಿ ದೋಣಿ ಬಿಟ್ಟು, ಅದು ನದಿಯೊಳಗೆ ತಾನಾಗಿ ತೇಲಿ ಬರುವುದನ್ನು ಊರಿಗೇ ತೋರಿಸುವುದು ಕೊನೆಯ ಅಧ್ಯಾಯ. ಪ್ರಕಾಶಕರು, ಕೊನೆಗೂ ಕಳ್ಳನೇ ಇಲ್ಲದ ಪತ್ತೇದಾರಿಯನ್ನು ಯಾರು ಕೊಳ್ಳುತ್ತಾರೆ ಎಂದು ತಕರಾರು ತೆಗೆದರು. ಕಳ್ಳ ಇದ್ದಾನೆ, ಅದು ಫೌಜದಾರನ ಲೇಖನಿ ಎಂದು ಕಾಗದ ಬರೆದೆ. ಜೀವಮಾನದಲ್ಲಿ ನಾನು ಆಡಿದ ಒಂದೇ ಜಾಣಮಾತು ಅದು. ಅಚ್ಚು ಹಾಕಿದರು.

ಆಮೇಲಿನ ಶನಿವಾರವನ್ನು ಹೇಗೆ ಹೇಳಲಿ? ಮಾಸ್ತರರು ಎಂದಿನ ಸೀಟಿನಲ್ಲಿದ್ದರು. ಮುಂದೆ ಬಾಗೇವಾಡಿಯ ದರ್ಜಿಯೊಬ್ಬ ಆ ಪುಸ್ತಕವನ್ನು ಗಟ್ಟಿಯಾಗಿ ಓದತೊಡಗಿದ್ದ, ಬಸ್ಸಿಗೆ ಬಸ್ಸೇ ಕೇಳುತ್ತಿತ್ತು. ಬಾಗೇವಾಡಿ ಬಂದಾಗ ನಾಲ್ಕು ಪುಟ ಉಳಿದಿತ್ತು. ಒಬ್ಬರೂ ಇಳಿಯಲಿಲ್ಲ. ಇಳಿಯಬೇಕಾದ ಮುದುಕಿಯೊಬ್ಬಳು ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು, "ಯಪ್ಪಾ, ಆ ಅಂಬಿಗ ಕಳ್ಳ ಅಲ್ಲ ಅನ್ನೂಮಟ ನಾ ಇಳಿಯಾಂಗಿಲ್ಲ," ಎಂದಳು. ಡ್ರೈವರ್ ಮಹಾದೇವಪ್ಪ ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿ ಕೂತ. ಸೀಟಿ ಊದಬೇಕಾದವನು ನಾನು. ಸೀಟಿ ಬಾಯಲ್ಲಿತ್ತು, ಉಸಿರು ಇರಲಿಲ್ಲ. ದೋಣಿ ತೇಲಿ ಒಳಗೆ ಬಂತು. ಬಸ್ಸಿನಲ್ಲಿ ಚಪ್ಪಾಳೆ ಬಿತ್ತು. ಕಂಬಾರ, ಕಾಯಿಪಲ್ಲೆಯವಳು, ವಕೀಲರ ಗುಮಾಸ್ತ, ಎಲ್ಲರೂ ಸಮುದ್ರ ಕಾಣದವರೇ; ಎಲ್ಲರಿಗೂ ಆ ಹೊತ್ತು ನೀರು ಹಿಂದಕ್ಕೆ ಹರಿಯುವುದು ತಿಳಿಯಿತು. ಮಾಸ್ತರರು ಕನ್ನಡಕ ತೆಗೆದು ಒರೆಸುತ್ತಿದ್ದರು.

ಬೇಸಿಗೆ ರಜೆಯಲ್ಲಿ ಅವರು ಆ ಪುಸ್ತಕವನ್ನು ಊರಿಗೆ ಒಯ್ದರು. ಜಗುಲಿಯ ಮೇಲೆ ಮೂರು ಸಂಜೆ ಅವ್ವನಿಗೆ ಓದಿದರಂತೆ. ಮೊದಲ ಸಂಜೆ ಅವ್ವ ಒಬ್ಬಳೇ. ಮೂರನೆಯ ಸಂಜೆ ಅಂಗಳ ತುಂಬ ಜನ. ಮರುದಿನ ಮುಂಜಾನೆ ಅವ್ವ ಕೊಡ ಎತ್ತಿಕೊಂಡು, ಎಲ್ಲರೂ ಹೋಗುವ ಹೊತ್ತಿಗೆ, ಎಲ್ಲರ ಜೊತೆ ಬಾವಿಗೆ ಹೋದಳು. ಇಷ್ಟನ್ನು ಹೇಳಿ ಮಾಸ್ತರರು ನನ್ನ ಕೈಗೆ ಮುರುಗಲ ಸಿಪ್ಪೆಯ ಪೊಟ್ಟಣ ಇಟ್ಟರು.

ಹಾಗಂತ ನನ್ನ ತಪ್ಪು ಪೂರ್ತಿ ತೊಳೆದುಹೋಗಲಿಲ್ಲ. ಎರಡನೆಯ ಪುಸ್ತಕದ ಪ್ರತಿಗಳನ್ನು ಯಾರ ಮನೆಯಿಂದಲೂ ವಾಪಸು ತರಲಾಗಲಿಲ್ಲ. ಮೂರನೆಯದರ ಮೊದಲ ಪುಟದಲ್ಲಿ ಎಂದಿನ ಸಾಲು ತೆಗೆಸಿ, 'ಇದರಲ್ಲಿಯ ದೋಣಿಯವನು ಕಾಲ್ಪನಿಕನಲ್ಲ' ಎಂದು ಹಾಕಿಸಿದೆ. ಆದರೆ ಅವನ ಹೆಸರು ಹಾಕಿಸಲಿಲ್ಲ. ಹಾಕಿದರೆ ಅವನನ್ನು ಕಳ್ಳ ಎಂದು ಬರೆದವನು ಯಾರು ಎಂದು ಕೇಳುತ್ತಾರೆಂಬ ಹೆದರಿಕೆ. ಕಾದಂಬರಿ ಬರೆದದ್ದನ್ನೇ ಮನೆಯವರಿಂದ ಮುಚ್ಚಿಟ್ಟೆ.

ನಿನ್ನೆ ಸೊಸೆ ಕೆಂಪು ಪಾನಕದ ಲೋಟ ತಂದಾಗ ನಾನು ಟ್ರಂಕಿನಿಂದ ಆ ಪುಸ್ತಕ ತೆಗೆದು ಕೂತಿದ್ದೆ. ಅವಳ ಮುಂದೆಯೇ ಆ ಸಾಲಿನ ಕೆಳಗೆ ಪೆನ್ನಿನಿಂದ ಬರೆದೆ: ಅವನ ಹೆಸರು ಗಣಪು. ಅಕ್ಷರಗಳು ದುಂಡಗೇ ಬಂದವು.

ಅವಳು ಬಗ್ಗಿ ಓದಿದಳು. "ಗಣಪು ಅಂದ್ರ ಯಾರ್ರೀ ಮಾವಾರ?"

"ಕುಂದ್ರವ್ವ," ಎಂದೆ, "ಹೇಳತೇನಿ."