ನಡಾವಳಿ ಬರೆಯುತ್ತಿದ್ದ ವೆರ್ಲಾ

ಪ್ಲಮ್ ಫೋರ್ಕ್ ಶಾಲಾ ಮಂಡಳಿಯ ನಡಾವಳಿಯನ್ನು ವೆರ್ಲಾ ಕುಚೆರಾ ಇಪ್ಪತ್ತೇಳು ವರ್ಷ ಬರೆದಳು. ಅಷ್ಟು ವರ್ಷದಲ್ಲಿ ಅವಳು ಅತಿ ಹೆಚ್ಚು ಸಲ ಬರೆದ ವಾಕ್ಯದಲ್ಲಿ ಇದ್ದದ್ದು ಎರಡೇ ಪದ: 'ಚರ್ಚೆ ನಡೆಯಿತು.' ಇಬ್ಬರು ಸದಸ್ಯರು ಒಬ್ಬರ ಕಾಲರನ್ನೊಬ್ಬರು ಹಿಡಿದ ದಿನವೂ ಚರ್ಚೆ ನಡೆಯಿತು. ಬಸ್ಸಿನ ಬ್ರೇಕಿನ ಮಾತು ಬಂದಾಗ ಐದೂ ಜನ ಕಿಟಕಿಯಾಚೆಯ ಜೋಳದ ಹೊಲವನ್ನು ನೋಡುತ್ತ ಕುಳಿತ ದಿನವೂ ಚರ್ಚೆ ನಡೆಯಿತು. ಊರಿನ ಮಾನ ಉಳಿಯಬೇಕಾದರೆ ಯಾರಾದರೊಬ್ಬರು ಒಳ್ಳೆಯ ಅಕ್ಷರದಲ್ಲಿ ಕಡಿಮೆ ಬರೆಯಬೇಕು. ವೆರ್ಲಾಳ ಅಕ್ಷರ ಬಹಳ ಚೆನ್ನಾಗಿತ್ತು.

ಸಭೆ ಸೇರುತ್ತಿದ್ದದ್ದು ತಿಂಗಳ ಎರಡನೇ ಸೋಮವಾರ, ಶಾಲೆಯ ಗ್ರಂಥಾಲಯದಲ್ಲಿ. ಅಲ್ಲಿದ್ದವು ಪುಟ್ಟ ಮಕ್ಕಳ ಕುರ್ಚಿಗಳು. ಆರಡಿ ಎತ್ತರದ ರೈತರು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕುಳಿತು ಶಿಕ್ಷಣದ ಬಗ್ಗೆ ತೀರ್ಮಾನ ಮಾಡುತ್ತಿದ್ದರು. ಆ ದಿನ ಮಕ್ಕಳ ಮಧ್ಯಾಹ್ನದ ಊಟಕ್ಕೆ ಬೀನ್ಸ್ ಕಾಳಿನ ಖಾರದ ಸಾರು, ಜೊತೆಗೆ ದಾಲ್ಚಿನ್ನಿ ಹಾಕಿದ ಸಿಹಿ ಬನ್ನು ಇರುತ್ತಿತ್ತು. ಮಿಕ್ಕದ್ದು ಮಂಡಳಿಗೆ. ಅಧ್ಯಕ್ಷ ಡ್ವೇನ್ ಓಸ್ಟರ್‌ಗಾರ್ಡ್ ಬನ್ನನ್ನು ಸಾರಿನಲ್ಲಿ ಅದ್ದಿ ತಿಂದು, ಬೆರಳು ನೆಕ್ಕಿ, ಮರದ ಸುತ್ತಿಗೆಯಿಂದ ಮೇಜು ಬಡಿದರೆ ಸಭೆ ಶುರುವಾದಂತೆ.

ಶಾಲೆಯ ಸೂಪರಿಂಟೆಂಡೆಂಟ್ ಫ್ಯಾನ್ಸ್‌ಲರ್ ಬೆಳಿಗ್ಗೆ ಎರಡನೇ ನಂಬರಿನ ಬಸ್ಸು ಓಡಿಸುತ್ತಿದ್ದ, ಮಧ್ಯಾಹ್ನ ದೊಡ್ಡ ಮಕ್ಕಳಿಗೆ ಕಾರು ಕಲಿಸುತ್ತಿದ್ದ, ಶುಕ್ರವಾರ ಫುಟ್‌ಬಾಲ್ ಆಟಕ್ಕೆ ಮೈಕು ಹಿಡಿಯುತ್ತಿದ್ದ. ಸಭೆಯಲ್ಲಿ ಮಾತ್ರ ಅವನನ್ನು ಡಾಕ್ಟರ್ ಎನ್ನುತ್ತಿದ್ದರು.

ವರ್ಷಕ್ಕೊಮ್ಮೆ, ಜೋಳ ಕಟಾವಿನ ಕಾಲದಲ್ಲಿ, ರಾಜ್ಯದ ಇಲಾಖೆಯಿಂದ ಶಾಲೆಯ ಅಂಕಪಟ್ಟಿ ಬರುತ್ತಿತ್ತು. ಪ್ರತಿ ತರಗತಿಯಲ್ಲೂ ನೂರಕ್ಕೆ ಎಷ್ಟು ಮಕ್ಕಳಿಗೆ ಓದಲು ಬರುತ್ತದೆ, ಎಷ್ಟು ಮಕ್ಕಳಿಗೆ ಲೆಕ್ಕ ಬರುತ್ತದೆ ಎಂದು ಅದರಲ್ಲಿ ಇರಬೇಕು. ಆದರೆ ಒಂದು ನಿಯಮವಿತ್ತು. ತರಗತಿಯಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ಅಂಕ ಬಯಲು ಮಾಡುವಂತಿಲ್ಲ, ಯಾರ ಮಗುವಿನದು ಎಂದು ಗೊತ್ತಾಗಿಬಿಡುತ್ತದೆ. ಅಂಕದ ಜಾಗದಲ್ಲಿ ಒಂದು ಚುಕ್ಕಿ ಗುರುತು ಹಾಕಿ ಕಳಿಸುತ್ತಿದ್ದರು. ಪ್ಲಮ್ ಫೋರ್ಕ್‌ನ ಯಾವ ತರಗತಿಯಲ್ಲೂ ಹನ್ನೆರಡು ವರ್ಷದಿಂದ ಹತ್ತು ಮಕ್ಕಳಿರಲಿಲ್ಲ. ಅಂಕಪಟ್ಟಿ ಮೋಡವಿಲ್ಲದ ಇರುಳಿನ ಆಕಾಶದ ಹಾಗೆ ಬರುತ್ತಿತ್ತು, ಮೇಲಿಂದ ಕೆಳಗಿನವರೆಗೆ ಬರೀ ಚುಕ್ಕಿ.

"ಈ ವರ್ಷಾನೂ ನಮ್ಮ ಬಗ್ಗೆ ಯಾರೂ ಏನೂ ಹೇಳೋ ಹಾಗಿಲ್ಲ" ಎಂದು ಫ್ಯಾನ್ಸ್‌ಲರ್ ಹಾಳೆ ಎತ್ತಿ ತೋರಿಸುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. 'ವರದಿ ಸ್ವೀಕರಿಸಲಾಯಿತು' ಎಂದು ವೆರ್ಲಾ ಬರೆಯುತ್ತಿದ್ದಳು. ಇದಕ್ಕೆ ನಾಲ್ಕು ನಿಮಿಷ. ಆಮೇಲೆ ಫುಟ್‌ಬಾಲ್ ಮೈದಾನದ ಸ್ಕೋರ್‌ಬೋರ್ಡಿನ ಕೆಂಪು ದೀಪದ ಮೇಲೆ ಒಂದೂವರೆ ಗಂಟೆ.

ನಗುವ ಮಾತೇನೂ ಅಲ್ಲ ಅದು. ಪಕ್ಕದ ವೀಲಾಕ್ ಊರಿನ ಶಾಲೆ ಹೆಸರು ಕೆಡಿಸಿಕೊಂಡು, ಇಪ್ಪತ್ತಾರು ಮೈಲಿ ದೂರದ ಹಾರ್ಮನ್‌ನಲ್ಲಿ ಸೇರಿಹೋಗಿತ್ತು. ಮೂರು ವರ್ಷದಲ್ಲಿ ಅಲ್ಲಿನ ಅಂಚೆ ಕಚೇರಿ ಹೋಯಿತು, ಆಮೇಲೆ ಅಂಗಡಿ, ಆಮೇಲೆ ಪಾದ್ರಿ. ಈಗ ಕಾಳಿನ ಕಣಜ ಒಂದು ನಿಂತಿದೆ, ಅದರ ಮೇಲೆ ಪಾರಿವಾಳ. ಮಂಡಳಿಯವರು ಚುಕ್ಕಿಯನ್ನು ಕಾಯುತ್ತಿದ್ದದ್ದು ಊರನ್ನು ಕಾಯುವುದಕ್ಕೇ. ಇದು ವೆರ್ಲಾಳಿಗೂ ಗೊತ್ತಿತ್ತು.

ಆ ಜನವರಿಯಲ್ಲಿ ಅವಳ ಮೊಮ್ಮಗಳು ಜೂನಿ ಬಂದಳು. ಜೂನಿಯ ತಾಯಿ ಒಮಾಹಾ ನಗರದಲ್ಲಿ ಮಾತ್ರೆಯ ಚಟ ಬಿಡಿಸುವ ಆಸ್ಪತ್ರೆ ಸೇರಿದ್ದಳು. ಒಂಬತ್ತು ವರ್ಷದ ಮಗು ಎರಡು ವರ್ಷದಲ್ಲಿ ಮೂರು ಶಾಲೆ ಕಂಡಿತ್ತು. ಬಟ್ಟೆಯ ಚೀಲವನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿಟ್ಟು ಕೇಳಿತು:

"ಅಜ್ಜಿ, ಇಲ್ಲಿಂದ ನನ್ನ ಯಾವಾಗ ಬದಲಾಯಿಸ್ತಾರೆ?"

"ಯಾರೂ ಬದಲಾಯಿಸಲ್ಲ ಕಣೇ. ಇಲ್ಲಿ ಕುರ್ಚಿ ಬದಲಾಯಿಸೋಕೇ ಮೂರು ಸಭೆ ಆಗತ್ತೆ."

ಜೂನಿ ನಗಲಿಲ್ಲ. ಚೀಲ ಮಂಚದ ಕೆಳಗೇ ಉಳಿಯಿತು.

ನಾಲ್ಕನೇ ತರಗತಿಯಲ್ಲಿ ಒಂಬತ್ತು ಮಕ್ಕಳಿದ್ದರು. ಜೂನಿ ಹತ್ತನೆಯವಳು. ಅದರ ಅರ್ಥ ಆಗ ಯಾರಿಗೂ ಹೊಳೆಯಲಿಲ್ಲ. ಸಂಜೆ ಮನೆಗೆ ಬಂದು ಜೂನಿ, "ಕ್ಲಾಸಲ್ಲಿ ನಾನೇ ಓದೋದು ಅಜ್ಜಿ. ಟೀಚರ್ ದಿನಾ 'ಜೂನಿ ಓದಲಿ' ಅಂತಾರೆ" ಎನ್ನುವಾಗ ವೆರ್ಲಾ ಹಿಗ್ಗುತ್ತಿದ್ದಳು.

ಫೆಬ್ರವರಿಯಲ್ಲಿ ಜೂನಿಗೆ ಹತ್ತು ತುಂಬಿತು. ಆ ಊರಿನಲ್ಲಿ ಹುಟ್ಟುಹಬ್ಬಕ್ಕೆ ಒಂದು ಮಗುವನ್ನು ಕರೆದರೆ ಇಡೀ ತರಗತಿಯನ್ನು ಕರೆದಂತೆ. ಒಂಬತ್ತೂ ಮಕ್ಕಳು ಬೂಟಿನ ಹಿಮ ಕೊಡವುತ್ತ ಬಂದರು. ವೆರ್ಲಾ ಕೊಲಾಚ್ ಎಂಬ ಗಸಗಸೆ ಹೂರಣದ ಬನ್ನು ಬೇಯಿಸಿ, ತನ್ನ ಮುದ್ದಾದ ಅಕ್ಷರದಲ್ಲಿ ಇಪ್ಪತ್ತು ಚೀಟಿ ಬರೆದಿದ್ದಳು. 'ಹಿಟ್ಟಿನ ಡಬ್ಬದ ಹಿಂದೆ ನೋಡು.' 'ತಾತನ ಬೂಟಿನೊಳಗೆ ಕೈ ಹಾಕು.' ಒಂದು ಚೀಟಿ ಓದಿದರೆ ಇನ್ನೊಂದು ಚೀಟಿಯ ಜಾಗ ತಿಳಿಯುತ್ತದೆ, ಕೊನೆಯಲ್ಲಿ ಬಹುಮಾನ. ಹತ್ತನ್ನು ಮನೆಯೊಳಗೆ ಬಚ್ಚಿಟ್ಟು, ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, "ಓಡಿ!" ಎಂದಳು.

ಯಾರೂ ಓಡಲಿಲ್ಲ. ಕೈಯಲ್ಲಿ ಚೀಟಿ ಹಿಡಿದು ನಿಂತು ಎಲ್ಲರೂ ಜೂನಿಯ ಮುಖ ನೋಡುತ್ತಿದ್ದರು. ಒಬ್ಬ ಹುಡುಗಿ ಮಾತ್ರ ತುಟಿ ಅಲುಗಿಸುತ್ತ, ಬೆರಳಿಟ್ಟು ಅಕ್ಷರ ದಾಟುತ್ತ 'ಹಿ...ಟ್ಟಿ...ನ' ಎನ್ನುವಷ್ಟಕ್ಕೆ ಬಂದಿದ್ದಳು. ಅಧ್ಯಕ್ಷ ಡ್ವೇನನ ಮಗ ಕೋಲ್ಟ್ ಚೀಟಿಯನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ಹೇಳಿದ:

"ಕನ್ನಡಕ ಮರೆತುಬಂದೆ, ಮಿಸೆಸ್ ಕುಚೆರಾ."

ಕೋಲ್ಟ್ ಹುಟ್ಟಿದಂದಿನಿಂದ ಕನ್ನಡಕ ಹಾಕಿದವನಲ್ಲ. ಹಾಕಿದ್ದರೆ ಇಡೀ ಊರಿಗೆ ಗೊತ್ತಿರುತ್ತಿತ್ತು. ಅಷ್ಟರಲ್ಲಿ ಜೂನಿ ಬಹಳ ಸಹಜವಾಗಿ ಅವನ ಚೀಟಿ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. ಆಮೇಲೆ ಉಳಿದವರದು. ಇದು ಅವರ ದಿನನಿತ್ಯದ ವ್ಯವಸ್ಥೆ ಎಂದು ವೆರ್ಲಾಳಿಗೆ ತಿಳಿಯಿತು.  ಹನ್ನೆರಡು ವರ್ಷ ತಾನು 'ಸ್ವೀಕರಿಸಲಾಯಿತು' ಎಂದು ಬರೆದದ್ದು ಇದನ್ನೇ.

ಮಾರ್ಚಿನ ಸಭೆಯ ಹೊತ್ತಿಗೆ ಫ್ಯಾನ್ಸ್‌ಲರ್ ಎಣಿಸಿ ಮುಗಿಸಿದ್ದ. ಏಪ್ರಿಲಿನಲ್ಲಿ ರಾಜ್ಯದ ಪರೀಕ್ಷೆ. ನಾಲ್ಕನೇ ತರಗತಿಯಲ್ಲಿ ಹತ್ತು ಮಕ್ಕಳು.

"ಮೂರನೇದರಲ್ಲಿ ಆರೇ ಜನ" ಎಂದ ಅವನು. "ಜೂನಿ ಅಲ್ಲಿ ಕೂತ್ರೆ ಏಳು. ನಾಲ್ಕನೇದು ಮತ್ತೆ ಒಂಬತ್ತು. ಎರಡು ಕಡೇನೂ ಚುಕ್ಕಿ."

ವೆರ್ಲಾಳ ಪೆನ್ನು ನಿಂತಿತು.

"ಮಗೂಗೂ ಒಳ್ಳೇದೇ ಅಲ್ವಾ?" ಎಂದಳು ಸದಸ್ಯೆ ಲವಾನ್ ಸ್ಟಾಸ್ನಿ, ತುಂಬ ಕರುಣೆಯಿಂದ. "ಪಾಪ, ಊರೂರು ಸುತ್ತಿ ಬಂದಿದೆ. ಸ್ವಲ್ಪ ಹಗುರ ಆಗ್ಲಿ."

"ಅವಳು ಆರನೇ ಕ್ಲಾಸಿನ ಪುಸ್ತಕ ಓದ್ತಾಳೆ, ಲವಾನ್" ಎಂದಳು ವೆರ್ಲಾ.

"ಅದನ್ನೇ ನಾನೂ ಹೇಳಿದ್ದು. ಮೂರನೇದಂತೂ ನೀರು ಕುಡಿದಷ್ಟು ಸಲೀಸು."

ಡ್ವೇನ್ ಬನ್ನಿನ ಸಕ್ಕರೆ ಒರೆಸಿಕೊಂಡ. "ನೋಡು ವೆರ್ಲಾ, ನಿನ್ನ ಮೊಮ್ಮಗಳ ಮೇಲೆ ನಂಗೇನೂ ಇಲ್ಲ. ಅವಳೊಬ್ಬಳೇ ಆಗಿದ್ರೆ ಪರೀಕ್ಷೆಗೆ ಬ್ಯಾಂಡು ಬಾರಿಸಿ ಕಳಿಸ್ತಿದ್ದೆ. ಉಳಿದೋರ ಗತಿ ನಿಂಗೂ ಗೊತ್ತು. ಮಾರ್ಕ್ಸ್ ಪೇಪರಲ್ಲಿ ಬಂದ್ರೆ ಹಾರ್ಮನ್‌ನೋರು ಮರುದಿನವೇ ಬಸ್ಸು ಕಳಿಸ್ತಾರೆ. ವೀಲಾಕ್ ಆಗ್ಬೇಕಾ ನಾವು?"

ಆಗಬಾರದು ಎಂದೇ ವೆರ್ಲಾಳಿಗೂ ಅನ್ನಿಸಿತು. ಅವಳ ಗಂಡನ ಸಮಾಧಿ ಇದೇ ಊರಿನಲ್ಲಿತ್ತು. ಆದರೆ ಮಂಚದ ಕೆಳಗಿನ ಚೀಲವೂ ಕಣ್ಣ ಮುಂದೆ ಬಂತು. ಡ್ವೇನ್ ಗೊತ್ತುವಳಿ ಮಂಡಿಸಿದ. ಲವಾನ್ ಅನುಮೋದಿಸಿದಳು. ಕೈ ಎತ್ತುವ ಮೊದಲು ಗೊತ್ತುವಳಿಯನ್ನು ಬರೆದವರು ಒಮ್ಮೆ ಗಟ್ಟಿಯಾಗಿ ಓದಬೇಕು, ಅದು ಮಂಡಳಿಯ ಪದ್ಧತಿ. ಸದಸ್ಯರು ಹೇಗೆ ಒದರಿದರೂ ವೆರ್ಲಾ ಅದನ್ನು ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ ಓದುವಳು ಎಂಬುದೂ ಪದ್ಧತಿಯೇ.

"ಓದಮ್ಮ" ಎಂದ ಡ್ವೇನ್.

ವೆರ್ಲಾ ಕನ್ನಡಕ ಸರಿಮಾಡಿಕೊಂಡು, ಹವಾಮಾನ ವರದಿ ಓದುವ ದನಿಯಲ್ಲಿ ಓದಿದಳು:

"ನಾಲ್ಕನೇ ತರಗತಿಯ ಹೆಚ್ಚಿನ ಮಕ್ಕಳಿಗೆ ಓದಲು ಬರುವುದಿಲ್ಲವೆಂಬ ಸಂಗತಿ ರಾಜ್ಯಕ್ಕೂ ಹಾರ್ಮನ್ ಊರಿಗೂ ತಿಳಿಯದಿರಲೆಂದು, ಓದಲು ಬರುವ ಒಬ್ಬ ಮಗುವನ್ನು ಮೂರನೇ ತರಗತಿಗೆ ಇಳಿಸತಕ್ಕದ್ದು. ಮಂಡಿಸಿದವರು ಡ್ವೇನ್ ಓಸ್ಟರ್‌ಗಾರ್ಡ್. ಅನುಮೋದಿಸಿದವರು ಲವಾನ್ ಸ್ಟಾಸ್ನಿ."

ಯಾರದೋ ಪುಟ್ಟ ಕುರ್ಚಿ ಕಿರುಗುಟ್ಟಿತು.

"ನಾನು ಹಂಗೆ ಹೇಳ್ಲಿಲ್ವಲ್ಲ!"

"ಹೆಂಗೆ ಹೇಳಿದ್ರಿ ಹೇಳಿ, ಬರ್ಕೊತೀನಿ."

ಡ್ವೇನ್ ಯೋಚಿಸಿದ. "ಮಗುವಿನ ಹಿತದೃಷ್ಟಿಯಿಂದ ಅಂತ ಹಾಕು."

"ಯಾವ ಹಿತ ಅಂತ ಹಾಕ್ಲಿ?"

"ಅದೇ... ತರಗತಿಗಳ ಸಮತೋಲನ."

"ಹತ್ತು ಮತ್ತು ಆರು ಇದ್ದದ್ದು ಒಂಬತ್ತು ಮತ್ತು ಏಳು ಆಗತ್ತೆ. ಸಮತೋಲನ ಯಾಕೆ ಅಂದ್ರೆ ಚುಕ್ಕಿಗೆ ಅಂತ ಬರೀಲಾ?"

"ಡಾಕ್ಟರ್, ನೀವಾದ್ರೂ ಹೇಳಿ ಮಾರಾಯ್ರೆ!"

ಡಾಕ್ಟರ್ ಗೋಡೆಯ ಭೂಪಟ ನೋಡುತ್ತಿದ್ದ. ಡ್ವೇನ್ ಇನ್ನೂ ಎರಡು ಸಲ ಹೇಳಿನೋಡಿದ. ಎರಡು ಸಲವೂ ವೆರ್ಲಾ ಬರೆದುಕೊಂಡು ಓದಿದಳು, ಎರಡು ಸಲವೂ ಅದು ಮೊದಲಿನದಕ್ಕಿಂತ ಕೆಟ್ಟದಾಗಿ ಕೇಳಿಸಿತು. ಇಷ್ಟು ವರ್ಷ ತಮ್ಮ ಮಾತು ತಾವು ಕೇಳಿಸಿಕೊಂಡವರಲ್ಲ ಅವರು. ಅಷ್ಟರಲ್ಲಿ ಲವಾನ್‌ಗೆ ಇನ್ನೊಂದು ನೆನಪಾಯಿತು. ಕಾನೂನಿನಂತೆ ನಡಾವಳಿ ಗುರುವಾರದ ವಾರಪತ್ರಿಕೆಯಲ್ಲಿ ಅಚ್ಚಾಗಬೇಕು. ಸತ್ತವರ ಸುದ್ದಿ ಓದಿದ ಮೇಲೆ ಇಡೀ ತಾಲ್ಲೂಕು ಓದುವುದು ಅದನ್ನೇ.

"ನನ್ನ ಹೆಸರು ತೆಗಿ ಅದರಿಂದ. ನಮ್ಮತ್ತೆ ಪೇಪರ್ ಓದ್ತಾರೆ."

"ಅನುಮೋದನೆ ವಾಪಸ್ಸು ಅಂತ ಬರೀಲಾ?"

"ಬರಿ, ಬರಿ."

ಡ್ವೇನ್ ಉಳಿದ ಮೂವರತ್ತ ನೋಡಿದ. ಮೂವರಿಗೂ ಅತ್ತೆಯರಿದ್ದರು. ಗೊತ್ತುವಳಿ ಬಿದ್ದುಹೋಯಿತು. ಅವನು ಸುತ್ತಿಗೆ ಬಡಿಯುವುದನ್ನೂ ಮರೆತು ಸ್ಕೋರ್‌ಬೋರ್ಡಿನ ವಿಷಯಕ್ಕೆ ಹೋದ. ಆ ದಿನ ಕೆಂಪು ದೀಪದ ಬಗ್ಗೆ ಯಾರಿಗೂ ಹೆಚ್ಚು ಹೇಳಲು ಇರಲಿಲ್ಲ.

ಊರು ಒಂದಷ್ಟು ದಿನ ವೆರ್ಲಾಳ ಜೊತೆ ಮಾತು ಕಡಿಮೆ ಮಾಡಿತು. "ಮೊಮ್ಮಗಳಿಗೋಸ್ಕರ ಶಾಲೆ ಮುಚ್ಚಿಸ್ತಾಳೆ ನೋಡು" ಎಂಬ ಮಾತು ಊರಿನ ಕಣಜದ ಹತ್ತಿರ ಕೇಳಿಬಂತು. ಅವಳು ಅದನ್ನು ಅಲ್ಲಗಳೆಯಲಿಲ್ಲ, ಯಾಕೆಂದರೆ ಅವಳಿಗೂ ಖಾತ್ರಿಯಿರಲಿಲ್ಲ.

ಕಟಾವಿನ ಕಾಲಕ್ಕೆ ಅಂಕಪಟ್ಟಿ ಬಂತು. ಉದ್ದಕ್ಕೂ ಚುಕ್ಕಿ, ನಡುವೆ ಒಂದೇ ಒಂದು ಅಂಕಿ: 20. ನೂರಕ್ಕೆ ಇಪ್ಪತ್ತು, ಅಂದರೆ ಹತ್ತರಲ್ಲಿ ಇಬ್ಬರು. ಒಬ್ಬಳು ಜೂನಿ. ಇನ್ನೊಬ್ಬಳು, ಚೀಟಿಯ ಮೇಲೆ ಬೆರಳಿಟ್ಟು ಹಿಟ್ಟಿನ ಡಬ್ಬದತ್ತ ಹೊರಟಿದ್ದ ಹುಡುಗಿ ಇರಬೇಕು. ಫ್ಯಾನ್ಸ್‌ಲರ್ ಹಾಳೆಯನ್ನು ಎತ್ತಿ ತೋರಿಸಲಿಲ್ಲ, ಮೇಜಿನ ಮೇಲೆ ಇಟ್ಟ. ಹಾರ್ಮನ್‌ನವರ ಬಸ್ಸು ಮರುದಿನ ಬರಲಿಲ್ಲ, ಮರುವಾರವೂ ಬರಲಿಲ್ಲ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ 'ಓದು' ಎಂಬುದು ಮೊತ್ತಮೊದಲ ಬಾರಿಗೆ ಬಂತು. ಒಂಬತ್ತನೆಯ ವಿಷಯವಾಗಿ, ಸ್ಕೋರ್‌ಬೋರ್ಡ್ ಆದ ಮೇಲೆ.

ಆ ಸಭೆಗೂ ಮೊದಲೊಂದು ಶನಿವಾರ ಡ್ವೇನ್ ವೆರ್ಲಾಳ ಬಾಗಿಲಿಗೆ ಬಂದ. ಹಿಂದೆ ಕೋಲ್ಟ್. ಡ್ವೇನ್ ಟೋಪಿ ತೆಗೆದು, ಅದರೊಳಗೆ ಏನೋ ಬರೆದಿರುವಂತೆ ನೋಡುತ್ತ ಕೇಳಿದ:

"ಆವತ್ತು ನೀನು ಮಕ್ಕಳಿಗೆ ಏನೋ ಚೀಟಿ ಬರೆದಿದ್ಯಂತೆ. ಇನ್ನೂ ಇದಾವಾ ಅವು?"

"ಜೂನಿ ಇಟ್ಕೊಂಡಿದಾಳೆ. ಜೂನೀ, ಆ ಚೀಟಿ ತಾ."

ಜೂನಿ ಒಳಗೆ ಹೋಗಿ ಮಂಚದ ಕೆಳಗಿನಿಂದ ಚೀಲ ಎಳೆದು ತಂದಳು. ಅದರಲ್ಲಿ ಬಟ್ಟೆ ಇರಲಿಲ್ಲ. ಚೀಟಿಗಳು, ಎರಡು ಪುಸ್ತಕ, ಒಂದು ಪಾರಿವಾಳದ ಗರಿ. ಒಂದು ಚೀಟಿ ಆರಿಸಿ ಕೋಲ್ಟ್‌ನ ಕೈಗೆ ಕೊಟ್ಟು, ತಾನು ಓದದೆ ಸುಮ್ಮನೆ ನಿಂತಳು.

ಕೋಲ್ಟ್ ಅದನ್ನು ಹಿಡಿದುಕೊಂಡ. ಹತ್ತಿರ, ಆಮೇಲೆ ದೂರ. ಕನ್ನಡಕದ ಮಾತು ಎತ್ತಲಿಲ್ಲ.

"ತಾ..." ಎಂದ. "ತಾ...ತ...ನ..."

ಬಾಗಿಲು ತೆರೆದೇ ಇತ್ತು. ತಣ್ಣನೆಯ ಗಾಳಿ ಒಳಗೆ ಬರುತ್ತಿದ್ದರೂ ಯಾರೂ ಮುಚ್ಚಲಿಲ್ಲ. ಡ್ವೇನ್ ಟೋಪಿಯಿಂದ ತಲೆಯೆತ್ತಲಿಲ್ಲ. ಆದರೆ ಅವನ ತುಟಿಯೂ ಮಗನ ಜೊತೆಯಲ್ಲೇ, ಮುಂದಿನ ಅಕ್ಷರಕ್ಕೆ ಕಾಯುತ್ತ, ಅಲುಗುತ್ತಿರುವುದನ್ನು ವೆರ್ಲಾ ಕಂಡಳು. ಇದನ್ನು ಮಾತ್ರ ಅವಳು ಎಲ್ಲಿಯೂ ಬರೆದಿಡಲಿಲ್ಲ.