ಮೇಡಂ ಅವರ ಶನಿವಾರಗಳು ಮತ್ತು ಒಂದು ಮೂಗರ್ಜಿ

ಶಿವಮೊಗ್ಗ ಜಿಲ್ಲೆಯಲ್ಲಿಯೂ ಹೊರಗೂ ಪದವಿ ತರಗತಿಗಳಿಗೆ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ, ಇದೇ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಪ್ರೊ. ದಾಕ್ಷಾಯಣಮ್ಮ ಅವರು ಸಭೆ ಸಮಾರಂಭಗಳ ವೇದಿಕೆಯ ಮೇಲೆ ಹೆಚ್ಚಾಗಿ ಕಾಣಿಸಿಕೊಂಡವರಲ್ಲ. ಅವರ ಹೆಸರಿನಲ್ಲಿ ಪುಸ್ತಕಗಳಿಲ್ಲ, ಪ್ರಶಸ್ತಿಗಳೂ ಇಲ್ಲ. ಆದರೆ ಕಾರ್ಖಾನೆಯ ಕ್ವಾರ್ಟರ್ಸಿನಿಂದ ಬಂದ, ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಆಡುವ ಹುಡುಗ ಹುಡುಗಿಯರಿಗೂ ಹಳಗನ್ನಡದ ಪದ್ಯವೊಂದು ತಮ್ಮದೇ ಎನಿಸುವಂತೆ ಓದಿ ಹೇಳಬಲ್ಲವರು ನಮ್ಮ ಕಡೆ ಯಾರಿದ್ದಾರೆ ಎಂದು ಕೇಳಿದರೆ, ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ಮೊದಲು ಬರುವ ಹೆಸರು ಅವರದು. ಅಂಥವರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಈ ಅಭಿನಂದನ ಸಂಪುಟದಲ್ಲಿ ಅನೇಕರಿದ್ದಾರೆ. ನಾನು ಅವರ ಬಗ್ಗೆ ಬರೆಯುತ್ತಿರುವುದು ಇದು ಎರಡನೆಯ ಸಲ. ಮೊದಲ ಸಲ ಬರೆದದ್ದಕ್ಕೆ ಸಹಿ ಹಾಕಿರಲಿಲ್ಲ.

ಮೇಡಂ ೧೯೭೨ರಲ್ಲಿ ಶಿವಮೊಗ್ಗದಲ್ಲಿ ಸೇವೆಗೆ ಸೇರಿ, ಹನ್ನೆರಡು ವರ್ಷಗಳ ನಂತರ ಭದ್ರಾವತಿಯ ನಮ್ಮ ಕಾಲೇಜಿಗೆ ಬಂದರು. ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದು ೧೯೯೪ರಲ್ಲಿ. ನನ್ನ ತಂದೆ ಗಂಗಾಧರಪ್ಪ ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವರು. ಅರ್ಜಿಯ ಹಾಳೆಯನ್ನು ಎಡಕ್ಕೆ ಕಾಲುಭಾಗ ಮಡಿಚಿ, ಅಷ್ಟು ಜಾಗವನ್ನು ಅಧಿಕಾರಿಗಳ ಷರಾಕ್ಕಾಗಿ ಖಾಲಿ ಬಿಡಬೇಕು ಎಂಬುದನ್ನು ಅವರು ನನಗೆ ಅಕ್ಷರಾಭ್ಯಾಸದ ಜೊತೆಗೇ ಕಲಿಸಿದ್ದರು. ಹೀಗಾಗಿ ಕಾಲೇಜಿನ ಪರೀಕ್ಷೆಯ ಹಾಳೆಗಳನ್ನೂ ನಾನು ಹಾಗೆಯೇ ಮಡಿಚುತ್ತಿದ್ದೆ. ಮೊದಲ ಕಿರುಪರೀಕ್ಷೆಯ ಹಾಳೆ ಹಿಂದಿರುಗಿಸುವಾಗ ಮೇಡಂ ತರಗತಿಯ ಎದುರಿಗೇ ನಕ್ಕಿದ್ದರು.

“ಇಷ್ಟಗಲ ಜಾಗ ಯಾಕಪ್ಪಾ ಬಿಟ್ಟಿದೀಯ? ನಾನೇನು ತಹಸೀಲ್ದಾರಳಾ, ಷರಾ ಬರೆಯೋಕೆ?”

ಆದರೆ ಬರೆದರು. ಆಗ ನಾನು ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಎದ್ದು ನಿಂತರೆ ಬೆಂಚನ್ನೇ ನೋಡುತ್ತಿದ್ದೆ. ಅದನ್ನು ಗಮನಿಸಿದ ಮೇಡಂ ಇಡೀ ವರ್ಷ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬದಲಿಗೆ ವಾರಕ್ಕೊಂದು ಹಾಳೆ ಬರೆಸಿಕೊಂಡು, ಆ ಖಾಲಿ ಕಾಲುಭಾಗದಲ್ಲಿ ತಮ್ಮ ಸಣ್ಣ ಅಕ್ಷರಗಳಲ್ಲಿ ಉತ್ತರ ಬರೆದು ಕೊಡುತ್ತಿದ್ದರು. ಒಪ್ಪಿಗೆ, ತಕರಾರು, ಒಮ್ಮೊಮ್ಮೆ ತಮಾಷೆ ಎಲ್ಲವೂ ಅಲ್ಲಿರುತ್ತಿದ್ದವು. ನಾನು ಯಾರೊಂದಿಗಾದರೂ ಮನಸ್ಸು ಬಿಚ್ಚಿ ಮಾತನಾಡಿದ್ದು ಮೊದಲ ಬಾರಿಗೆ ಆ ಅಂಚಿನಲ್ಲಿ.

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಒಂಬತ್ತನೆಯ ನಂಬರಿನ ಕೊಠಡಿಯಲ್ಲಿ ಮೇಡಂ ನಡೆಸುತ್ತಿದ್ದ ಓದಿನ ಕೂಟವನ್ನು ನಮ್ಮ ತಲೆಮಾರಿನವರು ಮರೆತಿರಲಾರರು. ಹನ್ನೆರಡು ಹದಿನೈದು ಜನ ಸೇರುತ್ತಿದ್ದೆವು. ನಾವು ಕೊನೆಯ ವರ್ಷದಲ್ಲಿದ್ದಾಗ ಅವರು ಓದಿಗೆ ತೆಗೆದುಕೊಂಡದ್ದು ದೂರದೇಶದ ಹಳೆಯ ಕಾದಂಬರಿಯೊಂದರ ಅನುವಾದ. ರಟ್ಟೂ ಮೊದಲ ಕೆಲವು ಹಾಳೆಗಳೂ ಹೋಗಿದ್ದ ಆ ಪುಸ್ತಕವನ್ನು ನಾವು ಗಂಟೆಯವನ ಕಥೆ ಎಂದೇ ಕರೆಯುತ್ತಿದ್ದೆವು. ಗಂಟೆಗಳ ಎರಕ ಹೊಯ್ಯುವ ಯುವಕನೊಬ್ಬ, ಗೆಳೆಯನೇ ಬರೆದ ಸಹಿಯಿಲ್ಲದ ಕಾಗದವೊಂದರಿಂದ ಸೆರೆ ಸೇರಿ, ಹದಿನೇಳು ವರ್ಷ ಉಪ್ಪಿನ ಗಣಿಯಲ್ಲಿ ಕಳೆಯುತ್ತಾನೆ. ತಪ್ಪಿಸಿಕೊಂಡು, ಸಿರಿವಂತ ವರ್ತಕನಾಗಿ ಬೇರೆ ಹೆಸರಿನಲ್ಲಿ ಅದೇ ಊರಿಗೆ ಮರಳುತ್ತಾನೆ. ತನಗೆ ಕೇಡು ಮಾಡಿದವರನ್ನು, ತಾನು ಯಾರೆಂದು ತಿಳಿಸದೆಯೇ, ಒಬ್ಬೊಬ್ಬರನ್ನಾಗಿ ನಾಶಮಾಡುತ್ತಾನೆ.

ಆ ಕೂಟಕ್ಕೆ ಮೇಡಂ ಒಂದು ನಿಯಮ ಮಾಡಿದ್ದರು. ಕಥೆಯ ಯಾವ ಪಾತ್ರದ ಮೇಲೆ ನಾವು ತಪ್ಪು ಹೊರಿಸಿದರೂ, ನಮ್ಮಲ್ಲೊಬ್ಬರು ಎದ್ದು ಆ ಪಾತ್ರದ ಪರವಾಗಿ ಮಾತನಾಡಬೇಕು. “ಅವರು ಇಲ್ಲಿ ಬಂದು ಹೇಳ್ಕೊಳ್ಳೋಕಾಗಲ್ವಲ್ಲ” ಎನ್ನುತ್ತಿದ್ದರು. ಇಷ್ಟರಲ್ಲಿ ನನಗೆ ಮಾತು ಬಂದಿತ್ತು. ಸ್ವಲ್ಪ ಹೆಚ್ಚಾಗಿಯೇ ಬಂದಿತ್ತು.

ನಮ್ಮ ಸಹಪಾಠಿ ಶಿವಯೋಗಿಯ ವಿಷಯ ಇಲ್ಲಿ ಹೇಳಬೇಕು. ಅವನು ಮಾಚೇನಹಳ್ಳಿಯ ಎರಕದ ಶೆಡ್ಡೊಂದರಲ್ಲಿ ಬೆಳಗಿನ ಪಾಳಿ ಮುಗಿಸಿ, ಅಂಗಿಯ ತೋಳಿನಲ್ಲಿ ಮಸಿ ಹೊತ್ತುಕೊಂಡೇ ಹನ್ನೊಂದು ಗಂಟೆಗೆ ಕಾಲೇಜಿಗೆ ಬರುತ್ತಿದ್ದ. ಮೇಡಂ ಅವರ ಪಾಠ ಇದ್ದದ್ದು ಒಂಬತ್ತಕ್ಕೆ. ಹಾಜರಿ ಪುಸ್ತಕದಲ್ಲಿ ಅವನು ಪ್ರತಿದಿನವೂ ಹಾಜರಿರುತ್ತಿದ್ದ. ಅದಕ್ಕೆ ಬದಲಾಗಿ, ಶನಿವಾರ ನಾವೆಲ್ಲ ಹೊರಟ ಮೇಲೆ ಅವನು ಉಳಿದು, ವಾರದ ಪಾಠಗಳನ್ನೆಲ್ಲ ಮೇಡಂ ಅವರಿಗೆ ಒಪ್ಪಿಸಬೇಕಾಗಿತ್ತು. ಒಂದು ವಾರವೂ ತಪ್ಪಿಸಲಿಲ್ಲ. “ಅವನು ಇರಲ್ಲ ಅಷ್ಟೇ, ಪಾಠ ಹಾಜರಿದೆ” ಎಂದು ಮೇಡಂ ಒಮ್ಮೆ ನಮ್ಮೆದುರಿಗೇ ಹೇಳಿದ್ದರು. ನಮಗೆಲ್ಲ ಗೊತ್ತಿತ್ತು. ಯಾರಿಗೂ ಅದು ತಪ್ಪೆನಿಸಿರಲಿಲ್ಲ.

೧೯೯೭ರ ಜನವರಿಯ ಒಂದು ಶನಿವಾರ, ಗಂಟೆಯವನು ತನ್ನ ಹೆಸರನ್ನು ಮುಚ್ಚಿಟ್ಟು ಸೇಡು ತೀರಿಸಿಕೊಂಡದ್ದು ಸರಿಯೇ ಎಂಬ ಚರ್ಚೆ ನಡೆಯಿತು.

“ಹೆಸರು ಹೇಳ್ಬಿಟ್ರೆ ಕಥೆ ಅಲ್ಲೇ ಮುಗಿದೋಗುತ್ತಲ್ಲ ಮೇಡಂ!” ಎಂದಳು ಸುಮನಾ. ನಮ್ಮ ಕೂಟದಲ್ಲಿ ಎಲ್ಲರಿಗಿಂತ ಮೊದಲು ಮಾತಾಡುವವಳು ಅವಳು. ಎಲ್ಲರೂ ನಕ್ಕರು.

ನಾನು ಎದ್ದು ಗಂಟೆಯವನ ಪರವಾಗಿ ಹತ್ತು ನಿಮಿಷ ಮಾತನಾಡಿದೆ. ಅನ್ಯಾಯಕ್ಕೊಳಗಾದವನಿಗೆ ಮುಖವಾಡವೇ ನಿಜವಾದ ಮುಖ ಎಂದೆ. ಹಿಂದಿನ ರಾತ್ರಿ ಬರೆದು ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳು. ಚಪ್ಪಾಳೆಯೂ ಬಿತ್ತು. ಆಮೇಲೆ ಹಿಂದಿನ ಬೆಂಚಿನಿಂದ ಶಿವಯೋಗಿ ಎದ್ದ.

“ನಮ್ ಶೆಡ್ನಲ್ಲೂ ಎರಕ ಹೊಯ್ತೀವಿ ಮೇಡಂ. ಆರಿದ್ಮೇಲೆ ಅಚ್ಚು ಒಡೀಬೇಕು. ಒಡೆದ್ರೇನೇ ಒಳಗಿರೋದು ಗಂಟೆನೋ ಗೊಡ್ಡೋ ಅಂತ ಗೊತ್ತಾಗೋದು. ಇವ್ನು ಅಚ್ಚು ಒಡೀಲೇ ಇಲ್ಲ. ಏಟು ತಿಂದೋನಿಗೆ ಯಾರು ಹೊಡೆದ್ರು, ಯಾಕ್ ಹೊಡೆದ್ರು ಅಂತಾನೇ ತಿಳೀದಿದ್ರೆ ಅದ್ಯಾವ್ ಸೇಡು? ಆ ಕಾಗದ ಬರೆದೋನೂ ಹಂಗೇ ಅಲ್ವಾ ಮಾಡಿದ್ದು?”

ಮೇಡಂ ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, “ಮಲ್ಲಿಕ್, ನೀನು ಚೆನ್ನಾಗಿ ಮಾತಾಡ್ದೆ. ಓದಿರೋನು ಇವನು” ಎಂದರು. ಅಷ್ಟೇ ಅಲ್ಲ, ತಾವು ಯಾರಿಗೂ ಮನೆಗೆ ಕೊಡದಿದ್ದ, ನಾನು ಎರಡು ಸಲ ಕೇಳಿಯೂ ಸಿಗದಿದ್ದ ಆ ಪುಸ್ತಕವನ್ನು ಒಂದು ವಾರಕ್ಕೆಂದು ಅವನ ಕೈಗಿಟ್ಟರು.

ಹೊರಗೆ ಬರುವಾಗ ಸುಮನಾ ಛೇಡಿಸಿದಳು. “ಏನ್ ಮಾರಾಯ, ಪಂಡಿತರ ಮುಖ ಸುಟ್ಟ ಬದನೇಕಾಯಿ ಆಗಿದೆ?”

ಇಷ್ಟೇ ನಡೆದದ್ದು. ಇದಕ್ಕಿಂತ ದೊಡ್ಡ ಕಾರಣವೊಂದನ್ನು ನನ್ನ ಕೃತ್ಯಕ್ಕೆ ಹುಡುಕುತ್ತ ನಾನು ಒಂಬತ್ತು ವರ್ಷ ಕಳೆದಿದ್ದೇನೆ. ಸಿಕ್ಕಿಲ್ಲ.

ಮುಂದಿನ ಮಂಗಳವಾರ ನಾನು ಇಲಾಖೆಯ ಮೇಲಧಿಕಾರಿಗಳಿಗೆ ಒಂದು ಮೂಗರ್ಜಿ ಬರೆದೆ. ಉಪನ್ಯಾಸಕಿಯೊಬ್ಬರು ತರಗತಿಗೆ ಬಾರದ ವಿದ್ಯಾರ್ಥಿಗೆ ಸುಳ್ಳು ಹಾಜರಿ ಹಾಕುತ್ತಿದ್ದಾರೆ ಎಂದೂ, ಬೇಕಾದರೆ ಮಾಚೇನಹಳ್ಳಿಯ ಶೆಡ್ಡಿನ ಹಾಜರಿ ಪುಸ್ತಕ ತರಿಸಿ ತಾಳೆ ನೋಡಬಹುದು ಎಂದೂ ಬರೆದೆ. ಗುರುತು ಸಿಗದಂತೆ ಎಡಗೈಯಲ್ಲಿ ಬರೆದೆ. ಬೇರೆಯವರ ಪೆನ್ನು ಬಳಸಿದೆ. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಅಲ್ಲಿಂದ ಅಂಚೆಗೆ ಹಾಕಿದೆ. ದಾರಿಯಲ್ಲಿ ಮಾಚೇನಹಳ್ಳಿ ಬಂದಾಗ ತಲೆ ತಗ್ಗಿಸಿ ಕುಳಿತದ್ದು ನೆನಪಿದೆ. ಆ ದಿನಗಳಲ್ಲಿ ನಾನು ನನ್ನನ್ನು ಗಂಟೆಯವನೆಂದೇ ಭಾವಿಸಿಕೊಂಡಿದ್ದೆ. ನಾನು ಬರೆಯುತ್ತಿದ್ದುದು ಅವನನ್ನು ಗಣಿಗೆ ಕಳಿಸಿದ ಕಾಗದ ಎಂಬುದು ಹೊಳೆಯಲೇ ಇಲ್ಲ.

ಫೆಬ್ರವರಿಯಲ್ಲಿ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ಕಾಲೇಜು ಕಚೇರಿಯ ಗುಮಾಸ್ತೆ ಜಲಜಮ್ಮ ಆ ಕೋಣೆಯಲ್ಲಿದ್ದವರು. ಮರುದಿನ ಅವರು ನಮಗೆ ಹೇಳಿದ ಮಾತು ಇದು.

“ಇದ್ಯಾರು ಬರೆದಿರ್ಬೋದು ಹೇಳಿ, ದ್ವೇಷಕ್ಕೆ ಬರೆದಿದ್ದು ಅಂತಾದ್ರೆ ನಿಮ್ ಮೇಲೆ ಕ್ರಮ ಇಲ್ದಂಗೆ ಮುಗಿಸ್ತೀನಿ ಅಂದ್ರು ಕಣ್ರೋ ಸಾಹೇಬ್ರು. ಮೇಡಂ ಆ ಹಾಳೆ ಇಸ್ಕೊಂಡು, ಎಡಗಡೆ ಗೆರೆ ಹಿಡಿದು ಒಂದ್ಸಲ ಮಡಿಚಿದ್ರು, ಬಿಚ್ಚಿದ್ರು. ‘ಗೊತ್ತಿಲ್ಲ’ ಅಂದ್ಬಿಟ್ರು ಮಾರಾಯ! ಆಮೇಲೆ ಒಂದ್ ಲೋಟ ನೀರು ಕೇಳಿದ್ರು.”

ಅಕ್ಷರ, ಪೆನ್ನು, ಊರು ಎಲ್ಲವನ್ನೂ ಮರೆಮಾಡಿದ್ದ ನಾನು ಹಾಳೆ ಮಡಿಚುವುದನ್ನು ಮರೆತಿರಲಿಲ್ಲ. ಸಹಿಯಿಲ್ಲದ ಅರ್ಜಿಯಲ್ಲೂ ಅಧಿಕಾರಿಗಳ ಷರಾಕ್ಕೆ ಕಾಲುಭಾಗ ಜಾಗ ಬಿಟ್ಟಿದ್ದೆ.

ಶೆಡ್ಡಿನ ಪುಸ್ತಕವನ್ನೂ ಕಾಲೇಜಿನ ಪುಸ್ತಕವನ್ನೂ ತಾಳೆ ನೋಡಿದರು. ಒಂದೇ ಹೊತ್ತಿಗೆ ಎರಡರಲ್ಲೂ ಶಿವಯೋಗಿ ಹಾಜರಿದ್ದ. ಹಾಜರಾತಿಯ ಕೊರತೆಯ ಮೇಲೆ ಅವನನ್ನು ಪರೀಕ್ಷೆಗೆ ಕೂರಿಸಲಿಲ್ಲ. ಮರುವರ್ಷ ಸೇರಬಹುದಿತ್ತು. ಆ ಹೊತ್ತಿಗೆ ಅವನ ತಂದೆ ಹಾಸಿಗೆ ಹಿಡಿದಿದ್ದರು, ಬೆಳಗಿನ ಪಾಳಿಯ ಕೆಲಸ ಇಡೀ ದಿನದ್ದಾಗಿತ್ತು. ಮೇಡಂ ಅವರ ಸೇವಾ ಪುಸ್ತಕದಲ್ಲಿ ಅದುವರೆಗೆ ಇಲ್ಲದಿದ್ದ ಒಂದು ಕಪ್ಪು ಷರಾ ಬಿತ್ತು. ಜೂನ್‌ನಲ್ಲಿ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು.

ಅದಕ್ಕೆ ಮೊದಲು, ಮಾರ್ಚ್ ತಿಂಗಳಲ್ಲಿ, ಕೊನೆಯ ಕಿರುಪರೀಕ್ಷೆಯ ಹಾಳೆಗಳನ್ನು ಮೇಡಂ ಹಿಂದಿರುಗಿಸಿದರು. ನನಗೆ ತರಗತಿಯಲ್ಲೇ ಹೆಚ್ಚಿನ ಅಂಕ. ಒಂದು ಅಂಕವನ್ನೂ ಅವರು ಸಿಟ್ಟಿನಿಂದ ಕಡಿಮೆ ಮಾಡಿರಲಿಲ್ಲ. ಆದರೆ ಎಡಗಡೆಯ ಕಾಲುಭಾಗ ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಖಾಲಿಯಿತ್ತು. ಆ ಹಾಳೆ ಈಗಲೂ ನನ್ನಲ್ಲಿದೆ.

ಮೇಡಂ ನಡೆಸಿದ ಕಡೆಯ ಶನಿವಾರ, ಕಾದಂಬರಿಯಲ್ಲಿ ಎಲ್ಲರಿಗಿಂತ ಹೆಚ್ಚು ತಪ್ಪಿತಸ್ಥ ಯಾರು ಎಂಬ ಮಾತು ಬಂತು. ಕಾಗದ ಬರೆದವನು ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಶಿವಯೋಗಿ ಅಂದು ಬಂದಿರಲಿಲ್ಲ. ಅವನು ಹಿಂದಿರುಗಿಸಿದ ಪುಸ್ತಕ ಮೇಜಿನ ಮೇಲಿತ್ತು. ಅದಕ್ಕೆ ಅವನು ಖಾಕಿ ಕಾಗದದ ರಟ್ಟು ಹಾಕಿಸಿದ್ದ.

“ಅವನ ಪರವಾಗಿಯೂ ಒಬ್ಬರು ಮಾತಾಡ್ಬೇಕಲ್ಲ. ಮಲ್ಲಿಕ್, ನೀನು ಹೇಳು” ಎಂದರು ಮೇಡಂ.

ಎದ್ದು ನಿಂತೆ. ಮೊದಲ ವರ್ಷದ ಹಾಗೆ ಬೆಂಚನ್ನೇ ನೋಡಿದೆ. ಕಾರ್ಖಾನೆಯ ಸೈರನ್ ಕೂಗಿ ನಿಂತಿತು. ಮೇಡಂ ಕಾದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಒತ್ತಾಯವೂ ಇರಲಿಲ್ಲ. ಬಹುಶಃ ನನ್ನ ಜೀವನದಲ್ಲಿ ಬೇರೆ ಯಾರೂ ನನಗಾಗಿ ಅಷ್ಟು ಹೊತ್ತು ಕಾದಿಲ್ಲ.

“ಕೂತ್ಕೋ. ಇನ್ನೊಂದ್ ದಿನ ಹೇಳುವಿಯಂತೆ” ಎಂದರು.

ಆಮೇಲೆ ನಾನು ಶಂಕರಘಟ್ಟದಲ್ಲಿ ಎಂ.ಎ. ಮಾಡಿ, ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕನಾದೆ. ಭದ್ರಾವತಿಯಿಂದ ದಿನವೂ ಮಾಚೇನಹಳ್ಳಿಯ ಮೇಲೆಯೇ ಓಡಾಡುತ್ತೇನೆ. ಮೇಡಂ ನಾಲ್ಕು ವರ್ಷ ಹೊರಜಿಲ್ಲೆಯಲ್ಲಿ ದುಡಿದು, ಅಲ್ಲಿಯೂ ಶನಿವಾರದ ಕೂಟವೊಂದನ್ನು ಕಟ್ಟಿ, ೨೦೦೧ರಲ್ಲಿ ಶಿವಮೊಗ್ಗಕ್ಕೆ ಮರಳಿದರು. ಸವಳಂಗ ರಸ್ತೆಯ ಅವರ ಮನೆಯ ಮುಂದಿನಿಂದ ನಾನು ಎಷ್ಟು ಸಲ ಹಾದುಹೋದೆನೋ ಲೆಕ್ಕವಿಲ್ಲ. ಒಳಗೆ ಹೋದದ್ದು ೨೦೦೩ರಲ್ಲಿ, ಒಂದೇ ಸಲ. ಕಾಫಿ ಕೊಟ್ಟರು. ನನ್ನ ಪಾಠದ ಬಗ್ಗೆ, ಅಪ್ಪನ ಆರೋಗ್ಯದ ಬಗ್ಗೆ ಕೇಳಿದರು. ಲೋಟ ಕೆಳಗಿಟ್ಟು ನಾನು, “ಮೇಡಂ, ಆ ಅರ್ಜಿ...” ಎಂದು ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

“ನನಗೆ ಹೇಳಿ ಏನಾಗ್ಬೇಕಪ್ಪ? ಪರೀಕ್ಷೆ ತಪ್ಪಿದ್ದು ನನಗಲ್ಲ.”

“ಅವನಿಗೆ ಗೊತ್ತಾ ಮೇಡಂ?”

“ನಾನು ಹೇಳಿಲ್ಲ. ಅದು ನಾನು ಹೇಳೋ ಮಾತಲ್ಲ.”

ಅಂದು ಅಲ್ಲಿಂದ ನೇರವಾಗಿ ಮಾಚೇನಹಳ್ಳಿಗೆ ಹೋಗಬೇಕಿತ್ತು. ಸಂಜೆಯ ಬಸ್ಸಿನಲ್ಲಿ ಆ ಸ್ಟಾಪ್ ಬಂತು. ಇಬ್ಬರು ಇಳಿದರು. ನಾನು ಇಳಿಯಲಿಲ್ಲ.

ಈ ವರ್ಷ ಜನವರಿಯಲ್ಲಿ ಶಿವಯೋಗಿ ತಾನಾಗಿಯೇ ನಮ್ಮ ಶಾಲೆಗೆ ಬಂದ. ಈಗ ಆ ಶೆಡ್ಡಿನ ಮೇಸ್ತ್ರಿ. ಕೂದಲು ನನಗಿಂತ ಮೊದಲೇ ನರೆತಿದೆ. ಈ ಅಭಿನಂದನ ಸಂಪುಟದ ಯೋಚನೆ ಅವನದು, ಲೇಖನಗಳನ್ನು ಕೂಡಿಸಿ ಅಚ್ಚಿಗೆ ಕೊಡುವ ಹೊಣೆಯೂ ಅವನದೇ.

“ನೀನ್ ಬರೀಲೇಬೇಕು ಮಾರಾಯ. ಮೇಡಂ ಬಗ್ಗೆ ನಿನ್ನಷ್ಟು ಚೆನ್ನಾಗಿ ಬರೆಯೋರು ಯಾರಿದಾರೆ?” ಎಂದ. “ನಾನೇ ಬರೀತಿದ್ದೆ. ಡಿಗ್ರಿ ಇಲ್ದೋನು, ಪುಸ್ತಕದಲ್ಲಿ ಹೆಸರಿನ ಮುಂದೆ ಏನಂತ ಹಾಕ್ಕೊಳ್ಲಿ ಹೇಳು?” ಎಂದು ನಕ್ಕ. ನಾನೂ ನಕ್ಕೆ. ಆ ನಗು ಇನ್ನೂ ನನ್ನ ಬಾಯಿಯಲ್ಲಿ ಕಹಿಯಾಗಿ ಉಳಿದಿದೆ.

ಶಿವಯೋಗಿ, ಈ ಬರಹವನ್ನು ಮೊದಲು ಓದುವವನು ನೀನು. ಇದನ್ನು ಟೈಪು ಮಾಡಿಸಿಲ್ಲ. ಕೈಬರಹದಲ್ಲಿಯೇ, ಬಲಗೈಯಲ್ಲಿಯೇ ಬರೆದು ಶೆಡ್ಡಿಗೆ ಬಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಅಲ್ಲಿಯೇ ನಿಂತಿರುತ್ತೇನೆ. ಪ್ರತಿ ಹಾಳೆಯ ಎಡಕ್ಕೂ ಕಾಲುಭಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಷರಾ ಬರೆಯಬೇಕಾದವನು ನೀನು. ಇದನ್ನು ಅಚ್ಚಿಗೆ ಕೊಡುವುದೂ ಹರಿದು ಕುಲುಮೆಗೆ ಹಾಕುವುದೂ ನಿನಗೆ ಸೇರಿದ್ದು. ಅಚ್ಚಾದರೆ ಅದನ್ನು ಕ್ಷಮೆಯೆಂದು ನಾನು ತಿಳಿದುಕೊಳ್ಳುವುದಿಲ್ಲ.

ಪೂಜ್ಯ ದಾಕ್ಷಾಯಣಮ್ಮ ಮೇಡಂ ಅವರಿಗೆ ದೀರ್ಘಾಯುಷ್ಯವನ್ನೂ, ಸಣ್ಣ ಅಕ್ಷರ ಓದುವ ಕಣ್ಣುಗಳನ್ನೂ, ಇನ್ನೂ ಅನೇಕ ಶನಿವಾರಗಳನ್ನೂ ಹಾರೈಸುತ್ತೇನೆ. ಸವಳಂಗ ರಸ್ತೆಯ ಮನೆಯ ಜಗುಲಿಯಲ್ಲಿ ಕೂಟ ಮತ್ತೆ ಆರಂಭವಾಗಲಿದೆ ಎಂದು ಕೇಳಿದ್ದೇನೆ. ನನಗೆ ಅಲ್ಲಿ ಜಾಗವಿರಲಿ ಎಂದು ಕೇಳುವುದಿಲ್ಲ. ಕಾಗದ ಬರೆದವನ ಪರವಾಗಿ ಹೇಳಲು ನನ್ನಲ್ಲಿ ಈಗಲೂ ಏನೂ ಇಲ್ಲ, ಮೇಡಂ. ಅವನ ಹೆಸರನ್ನಷ್ಟೇ ಹೇಳಬಲ್ಲೆ.

ಮಲ್ಲಿಕಾರ್ಜುನ
ಅರ್ಜಿ ಬರೆಯುವ ಗಂಗಾಧರಪ್ಪನವರ ಮಗ
ಭದ್ರಾವತಿ, ಮಾರ್ಚ್ ೨೦೦೬